ಕನ್ನಡಿ ಕಳಚಿದರೆ ಹೆಗಲು ಹಗುರವೇ?

ದಾವಣಗೆರೆಯ ಒಂದು ಕಿರಾಣಿ ಅಂಗಡಿ. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಇಲ್ಲ. ಅಕ್ಕಿ, ಬೇಳೆ ತೂಗುವ ತಕ್ಕಡಿಯ ಮೇಲೆ ಅಂಗಡಿಯ ಯಜಮಾನರು ಒಂದು ಕ್ಯಾಮೆರಾ ಇಟ್ಟರು. ಅದರ ಪಕ್ಕ ಒಂದು ದಪ್ಪ ಲೆನ್ಸ್. ಆಮೇಲೆ ಮತ್ತೊಂದು ಉದ್ದನೆಯ ಲೆನ್ಸ್. ತಕ್ಕಡಿಯ ಅಂಕಿ ಮೂರೂಕಾಲು ಕಿಲೋ ದಾಟಿತು.

“ಇಷ್ಟು ಭಾರ ಹೊತ್ಕೊಂಡು ದಿನಾ ಬಸ್ಸಿನಾಗೆ ಓಡಾಡ್ತೀಯೇನವ್ವಾ?”

“ಅದಕ್ಕೇ ಅಪ್ಪಾಜಿ, ನಂಗೆ ಚಿಕ್ಕದು ಬೇಕು ಅಂದಿದ್ದು. ಆದ್ರೆ ಮಾವಂಗೆ ಏನಂತ ಹೇಳಾದು?”

ಮಗಳು ಪದವಿಯ ಕೊನೆಯ ವರ್ಷದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಪ್ರಾಜೆಕ್ಟ್‌ಗೆ ಅವಳು ಆರಿಸಿಕೊಂಡದ್ದು ಊರಿನ ಮಂಡಕ್ಕಿ ಭಟ್ಟಿಗಳನ್ನು. ಬಿಸಿ ಮರಳಿನಲ್ಲಿ ಮಂಡಕ್ಕಿ ಹುರಿಯುವವರ ಒಂದು ದಿನವನ್ನು ಚಿತ್ರಗಳಲ್ಲಿ ಹೇಳಬೇಕೆಂಬುದು ಅವಳ ಆಸೆ. ಮದುವೆಗಳ ಫೋಟೊ ತೆಗೆಯುವ ಸೋದರಮಾವ ತಮ್ಮ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅವಳಿಗೇ ಕೊಡುತ್ತೇನೆಂದಿದ್ದಾರೆ. ಕಾಲೇಜಿನ ಗೆಳತಿಯರು ಮಾತ್ರ ‘ಮಿರರ್‌ಲೆಸ್ ತಗೋ, ಹಗುರ ಇರುತ್ತೆ’ ಎನ್ನುತ್ತಾರೆ. ಹೊಸದಕ್ಕೆ ಕಾಲೇಜಿನ ಫೀಸಿಗೆ ಸಮನಾದ ಹಣ ಬೇಕು. ಬಿಟ್ಟಿ ಬಂದದ್ದನ್ನು ಬಿಟ್ಟು ದುಡ್ಡು ಕೊಟ್ಟು ತರುವುದೆಂದರೆ ವ್ಯಾಪಾರಸ್ಥರ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಈ ಚರ್ಚೆ ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಹಗುರ ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ತೂಗಿ ನೋಡುವುದು ಹಣ ಕೊಡುವ ಪಾಲಕರಿಗೂ ಕ್ಯಾಮೆರಾ ಹೊರುವ ಮಕ್ಕಳಿಗೂ ಒಳ್ಳೆಯದು.

ಭಾರದ ದೂರು ಹೊಸದಲ್ಲ

ಕ್ಯಾಮೆರಾ ಹುಟ್ಟಿದಾಗಿನಿಂದಲೂ ಭಾರ ಅದರ ಬೆನ್ನು ಬಿಟ್ಟಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಪಾಳುಬಿದ್ದ ಗುಡಿಗಳನ್ನು ಚಿತ್ರಿಸಿದಾಗ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು. ಒಂದೊಂದೂ ಒಂದಡಿಗಿಂತ ಅಗಲ. ಆಗ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆದ್ದರಿಂದ ಕ್ಯಾಮೆರಾ ಒಂದು ಪೆಟ್ಟಿಗೆಯಷ್ಟಿರಲೇಬೇಕಿತ್ತು.

ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಉಬ್ಬಸದ ತೊಂದರೆಯಿತ್ತು. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನೇ ಬಳಸಿ ಅವರು ಕೋಟಿನ ಜೇಬಿಗೆ ಹಿಡಿಯುವಂಥ ಕ್ಯಾಮೆರಾ ರೂಪಿಸಿದರು. ‘ಲೈಕಾ’ ಎಂಬ ಹೆಸರಿನಲ್ಲಿ 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಹೊರಬಂತು. ಒಬ್ಬರ ದೇಹದ ಕಷ್ಟ ಇಡೀ ಛಾಯಾಗ್ರಹಣದ ದಾರಿಯನ್ನೇ ಬದಲಿಸಿತು. ಪುಟ್ಟ ಕ್ಯಾಮೆರಾ ಬಂದ ಮೇಲೆ ಛಾಯಾಗ್ರಾಹಕರು ಸ್ಟುಡಿಯೋ ಬಿಟ್ಟು ಬೀದಿಗೆ ಇಳಿದರು.

ಡಿಜಿಟಲ್ ಯುಗವೂ ಭಾರದಿಂದಲೇ ಆರಂಭವಾಯಿತು. ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅಂಗಡಿಯ ತಕ್ಕಡಿಯ ಮೇಲಿದ್ದ ಮಾವನ ಸರಂಜಾಮು ತೂಕದಲ್ಲಿ ಅದಕ್ಕಿಂತ ತೀರಾ ಹಿಂದೇನೂ ಇಲ್ಲ!

ಕನ್ನಡಿ ಏಕಿತ್ತು? ಏಕೆ ಹೋಯಿತು?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿ ಪ್ರಿಸಂ ಎಂಬ ಗಾಜಿನ ಗಟ್ಟಿ ಆ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ‘ಟಕ್’ ಎಂದು ಮೇಲೇಳುತ್ತದೆ, ಬೆಳಕು ಹಿಂದಿನ ಸಂವೇದಕದ ಮೇಲೆ ಬೀಳುತ್ತದೆ, ಚಿತ್ರ ಮೂಡುತ್ತದೆ. ಫಿಲ್ಮ್ ಕಾಲದಲ್ಲಿ ಇದು ಜಾಣ ಉಪಾಯವಾಗಿತ್ತು. ಫಿಲ್ಮನ್ನು ಮೊದಲೇ ಬೆಳಕಿಗೆ ಒಡ್ಡುವಂತಿರಲಿಲ್ಲ, ಆದರೆ ಲೆನ್ಸ್ ಕಂಡದ್ದನ್ನು ಕಣ್ಣೂ ಕಾಣಬೇಕಿತ್ತು.

ಡಿಜಿಟಲ್ ಸಂವೇದಕಕ್ಕೆ ಆ ನಿರ್ಬಂಧವಿಲ್ಲ. ಅದು ಬೆಳಕನ್ನು ಸದಾ ನೋಡುತ್ತಿರಬಲ್ಲದು, ಕಂಡದ್ದನ್ನು ಪುಟ್ಟ ಪರದೆಯಲ್ಲಿ ತೋರಿಸಬಲ್ಲದು. ಹಾಗಾದರೆ ಕನ್ನಡಿ ಏಕೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ ಮಿರರ್‌ಲೆಸ್. ಒಲಿಂಪಸ್ ಮತ್ತು ಪ್ಯಾನಸೋನಿಕ್ 2008ರಲ್ಲಿ ಸೇರಿ ‘ಮೈಕ್ರೊ ಫೋರ್ ಥರ್ಡ್ಸ್’ ಎಂಬ ವ್ಯವಸ್ಥೆ ಪ್ರಕಟಿಸಿದವು. ಅದೇ ವರ್ಷ ಪ್ಯಾನಸೋನಿಕ್‌ನ ಜಿ1 ಬಂತು. ಸೋನಿ 2010ರಲ್ಲಿ ಕಣಕ್ಕಿಳಿಯಿತು. ನಿಕಾನ್ ಮತ್ತು ಕ್ಯಾನನ್ ತಮ್ಮ ಮುಖ್ಯ ಮಿರರ್‌ಲೆಸ್ ಶ್ರೇಣಿಗಳನ್ನು 2018ರಲ್ಲಿ ಆರಂಭಿಸಿದವು.

ಕನ್ನಡಿ ಹೋದ ಮೇಲೆ ಅದು ಏಳಲು ಬೇಕಾಗಿದ್ದ ಜಾಗವೂ ಉಳಿಯಿತು. ನಿಕಾನ್‌ನ ಹಳೆಯ ಎಸ್‌ಎಲ್‌ಆರ್ ವ್ಯವಸ್ಥೆಯಲ್ಲಿ ಲೆನ್ಸ್ ಕೂರುವ ಜಾಗದಿಂದ ಸಂವೇದಕಕ್ಕೆ 46.5 ಮಿ.ಮೀ. ದೂರವಿತ್ತು. ಹೊಸದರಲ್ಲಿ ಅದು 16 ಮಿ.ಮೀ. ಮಾತ್ರ. ಕ್ಯಾನನ್‌ನಲ್ಲಿ 44 ಮಿ.ಮೀ. ಇದ್ದದ್ದು 20ಕ್ಕೆ ಇಳಿಯಿತು. ಕ್ಯಾಮೆರಾ ತೆಳ್ಳಗಾದದ್ದು ಹೀಗೆ.

ತಕ್ಕಡಿ ಹೇಳುವ ಸತ್ಯ

ಈಗ ತೂಕಕ್ಕೆ ಬರೋಣವೆಂದರೆ ಅಚ್ಚರಿ ಕಾದಿದೆ. ಮಾವನ ನಿಕಾನ್ ಡಿ750 ಬ್ಯಾಟರಿ ಸಹಿತ 840 ಗ್ರಾಂ. ಅದರ 24-70 ಲೆನ್ಸ್ 900 ಗ್ರಾಂ, 70-200 ಲೆನ್ಸ್ 1540 ಗ್ರಾಂ. ಅಂದರೆ ಭಾರದ ಮುಕ್ಕಾಲು ಪಾಲು ಇರುವುದು ಲೆನ್ಸ್‌ಗಳಲ್ಲಿ, ಕ್ಯಾಮೆರಾದಲ್ಲಲ್ಲ!

ಕಲಿಯುವವರಿಗೆಂದೇ ಬಂದಿದ್ದ ನಿಕಾನ್ ಡಿ3500 ಎಂಬ ಡಿಎಸ್‌ಎಲ್‌ಆರ್ ಬ್ಯಾಟರಿ ಸಹಿತ 415 ಗ್ರಾಂ, ಅದರ 18-55 ಲೆನ್ಸ್ 205 ಗ್ರಾಂ. ಒಟ್ಟು 620. ಅದೇ ಕಂಪೆನಿಯ ಮಿರರ್‌ಲೆಸ್ ಝಡ್30 405 ಗ್ರಾಂ, ಲೆನ್ಸ್ 135 ಗ್ರಾಂ. ಒಟ್ಟು 540. ಉಳಿತಾಯ ಎಂಬತ್ತು ಗ್ರಾಂ, ಒಂದು ಚಿಕ್ಕ ಬಾಳೆಹಣ್ಣಿನ ತೂಕ. ಕ್ಯಾನನ್ ಆರ್50 ಕ್ಯಾಮೆರಾ 375 ಗ್ರಾಂ, ಅದರ 18-45 ಲೆನ್ಸ್ 130 ಗ್ರಾಂ, ಒಟ್ಟು 505. ಹಾಗಾಗಿ ಮನೆಯಲ್ಲಿ ಆಗಲೇ ಚಿಕ್ಕ ಡಿಎಸ್‌ಎಲ್‌ಆರ್ ಇದ್ದವರು ಬರೀ ತೂಕದ ಕಾರಣಕ್ಕೆ ಅದನ್ನು ಮಾರಿ ಮಿರರ್‌ಲೆಸ್ ಕೊಂಡರೆ ಹೆಗಲಿಗೆ ಸಿಗುವ ಲಾಭ ಅಲ್ಪ.

ನಿಜವಾದ ಹಗುರ ಬರುವುದು ಸಂವೇದಕದ ಅಳತೆಯಿಂದ. ಡಿ750ರಂಥ ‘ಫುಲ್ ಫ್ರೇಮ್’ ಕ್ಯಾಮೆರಾದ ಸಂವೇದಕ 36×24 ಮಿ.ಮೀ. ಆರ್50ರದು ಸುಮಾರು 22×15. ಮೈಕ್ರೊ ಫೋರ್ ಥರ್ಡ್ಸ್‌ನದು 17×13. ಸಂವೇದಕ ಚಿಕ್ಕದಾದರೆ ಲೆನ್ಸೂ ಚಿಕ್ಕದಾಗಬಹುದು. ಹಕ್ಕಿಗಳ ಚಿತ್ರ ತೆಗೆಯುವವರು ಫುಲ್ ಫ್ರೇಮ್‌ನಲ್ಲಿ 600 ಮಿ.ಮೀ. ಲೆನ್ಸಿನಿಂದ ಕಾಣುವಷ್ಟು ಹತ್ತಿರದ ನೋಟವನ್ನು ಮೈಕ್ರೊ ಫೋರ್ ಥರ್ಡ್ಸ್‌ನ 423 ಗ್ರಾಂನ 75-300 ಲೆನ್ಸಿನಲ್ಲೇ ಪಡೆಯಬಹುದು. ಇದಕ್ಕೆ ತೆರುವ ಬೆಲೆಯೂ ಉಂಟು. ಈ ಸಂವೇದಕದ ವಿಸ್ತೀರ್ಣ ಫುಲ್ ಫ್ರೇಮ್‌ನ ಕಾಲು ಭಾಗದಷ್ಟೇ. ಬೆಳಕು ಕಡಿಮೆಯಿರುವಲ್ಲಿ ಚಿತ್ರದಲ್ಲಿ ರವೆಯಂಥ ಕಣಗಳು ಬೇಗ ಕಾಣತೊಡಗುತ್ತವೆ.

ಫುಲ್ ಫ್ರೇಮ್ ಮಿರರ್‌ಲೆಸ್ ಕೊಂಡು ಅದಕ್ಕೂ ಹಳೆಯ ಕಾಲದಷ್ಟೇ ದೊಡ್ಡ ಲೆನ್ಸ್ ಹಾಕಿದರೆ ಭಾರ ಮತ್ತೆ ಬಂದು ಕೂರುತ್ತದೆ. ನಿಕಾನ್‌ನ 70-200 ಎಫ್ 2.8 ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಬಂದ ಕೊನೆಯ ಮಾದರಿಯಲ್ಲೂ ಮಿರರ್‌ಲೆಸ್‌ನಲ್ಲೂ 1400 ಗ್ರಾಂ ಆಸುಪಾಸೇ. ‘ಹಳೆಯ ಲೆನ್ಸ್‌ಗಳನ್ನೇ ಅಡಾಪ್ಟರ್ ಹಾಕಿ ಬಳಸೋಣ’ ಎಂಬುದು ಮನೆಮಂದಿಗೆ ಹಿಡಿಸುವ ಮಾತು. ಅದು ಸಾಧ್ಯವೂ ಹೌದು. ಆದರೆ ಅಡಾಪ್ಟರೇ ನೂರು ಗ್ರಾಂ ಮೀರುತ್ತದೆ. ಒಳಗೆ ಮೋಟಾರ್ ಇಲ್ಲದ ನಿಕಾನ್‌ನ ಹಳೆಯ ಲೆನ್ಸ್‌ಗಳಾದರೆ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ.

ಗಳಿಕೆ, ಕಳೆತ

ತೂಕವನ್ನು ಬದಿಗಿಟ್ಟರೂ ಮಿರರ್‌ಲೆಸ್‌ಗೆ ಅದರದೇ ಗುಣಗಳಿವೆ. ಚಿತ್ರ ಬೆಳ್ಳಗಾದೀತೋ ಕಪ್ಪಾದೀತೋ ಎಂಬುದು ಗುಂಡಿ ಒತ್ತುವ ಮೊದಲೇ ಕಾಣುತ್ತದೆ. ಕಲಿಯುವ ವಿದ್ಯಾರ್ಥಿಗೆ ಇದು ಪಕ್ಕದಲ್ಲೇ ಕುಳಿತ ಮೇಷ್ಟರಿದ್ದಂತೆ. ಎದುರಿಗಿರುವವರ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುವ ಶಕ್ತಿ ಹೊಸ ಮಾದರಿಗಳಲ್ಲಿದೆ. ಕನ್ನಡಿಯ ಸದ್ದಿಲ್ಲದ್ದರಿಂದ ಸಂಗೀತ ಕಛೇರಿಯಲ್ಲೂ ಮುಜುಗರವಿಲ್ಲ. ಪೂರ್ತಿ ಸದ್ದಡಗಿಸುವ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಮಾತ್ರ ಎಚ್ಚರ ಬೇಕು. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ, ವೇಗವಾಗಿ ಚಲಿಸುವ ವಸ್ತು ಸೊಟ್ಟಗಾಗುತ್ತದೆ.

ದೊಡ್ಡ ಕೊರತೆ ಬ್ಯಾಟರಿಯದು. ಸಂವೇದಕ, ಪರದೆ ಎರಡೂ ಸದಾ ಎಚ್ಚರವಾಗಿರುವುದರಿಂದ ವಿದ್ಯುತ್ ಬೇಗ ಖರ್ಚಾಗುತ್ತದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಳತೆಯಂತೆ ಡಿ3500 ಒಂದು ಚಾರ್ಜಿಗೆ ಸುಮಾರು 1550 ಚಿತ್ರ ಕೊಟ್ಟರೆ, ಝಡ್30 ಕೊಡುವುದು ಸುಮಾರು 330. ಇನ್ನೊಂದು ಬ್ಯಾಟರಿಯ ಬೆಲೆಯನ್ನು ಪಾಲಕರು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ತೂಕ, ಬೆಲೆ ಇಳಿಸಲು ಝಡ್30ರಂಥ ಮಾದರಿಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯನ್ನೇ ತೆಗೆದಿರುತ್ತಾರೆ. ನಡುಹಗಲ ಬಿಸಿಲಿನಲ್ಲಿ ಹಿಂದಿನ ಪರದೆ ಮಸುಕಾಗಿ ಕಂಡಾಗ ಅದರ ಬೆಲೆ ತಿಳಿಯುತ್ತದೆ. ಆರ್50ರಲ್ಲಿ ಕಿಂಡಿ ಇದೆ. ಧೂಳಿನ ಮಾತೂ ಉಂಟು. ಲೆನ್ಸ್ ಬದಲಿಸುವಾಗ ಅನೇಕ ಮಿರರ್‌ಲೆಸ್‌ಗಳಲ್ಲಿ ಸಂವೇದಕ ನೇರವಾಗಿ ತೆರೆದುಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಯೊಳಗೆ ಲೆನ್ಸ್ ಬದಲಿಸುವ ಸಾಹಸ ಯಾರೂ ಮಾಡಬಾರದು. ಬೇಕಾದ ಲೆನ್ಸನ್ನು ಹೊರಗೇ ಹಾಕಿಕೊಂಡು ಒಳಹೋಗುವುದು ಲೇಸು.

ಇನ್ನು ಲೆನ್ಸ್. ಕ್ಯಾಮೆರಾದ ಜೊತೆ ಬರುವ ಚಿಕ್ಕ ಝೂಮ್ ಲೆನ್ಸ್ ಹಗುರವಾಗಿರುವುದಕ್ಕೆ ಒಂದು ಕಾರಣ, ಅದರ ಕಂಡಿ ಕಿರಿದು. ಆರ್50ರ ಲೆನ್ಸ್ 45 ಮಿ.ಮೀ.ಗೆ ಎಳೆದಾಗ ಎಫ್ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಕ್ಯಾನನ್‌ನ 50 ಮಿ.ಮೀ. ಎಫ್ 1.8 ಲೆನ್ಸ್ ತೂಗುವುದು 160 ಗ್ರಾಂ, ಒಳಬಿಡುವ ಬೆಳಕು ಸುಮಾರು 12 ಪಟ್ಟು ಹೆಚ್ಚು. ಮಬ್ಬು ಬೆಳಕಿನಲ್ಲಿ ಮಂಡಕ್ಕಿ ಜರಡಿ ಹಿಡಿಯುವ ಕೈ ಅಲುಗದಂತೆ ಕಾಣಬೇಕಾದರೆ ಇಂಥ ಲೆನ್ಸೇ ಬೇಕು. ಕೈನಡುಕ ತಡೆಯುವ ವ್ಯವಸ್ಥೆ ತೆಗೆಯುವವರ ಕೈಯನ್ನು ಸಂಭಾಳಿಸುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನು ನಿಲ್ಲಿಸುವುದಿಲ್ಲ.

ಒಂದು ತಿಂಗಳ ಲೆಕ್ಕ

ಅಂಗಡಿಯಲ್ಲಿ ಅಪ್ಪ ಒಂದು ತೀರ್ಮಾನಕ್ಕೆ ಬಂದರು. “ಒಂದು ತಿಂಗಳು ಮಾವಂದೇ ತಗೊಂಡು ಹೋಗು. ಎರಡು ದೊಡ್ಡ ಲೆನ್ಸ್ ಮನ್ಯಾಗೇ ಇರಲಿ. ಎಷ್ಟು ದಿನ ಹೊತ್ತೆ, ಎಷ್ಟು ದಿನ ಬಿಟ್ಟೆ, ಬರೆದಿಡು.” ಮಾವನ ಬಳಿ 185 ಗ್ರಾಂನ ಇನ್ನೊಂದು 50 ಮಿ.ಮೀ. ಲೆನ್ಸ್ ಇತ್ತು. ಅದನ್ನು ಹಾಕಿದಾಗ ಮೂರೂಕಾಲು ಕಿಲೋ ಒಂದು ಕಿಲೋಗೆ ಇಳಿಯಿತು. ಕೊಳ್ಳದೆಯೇ ಸಿಕ್ಕ ಹಗುರ ಇದು. ಅನೇಕ ಮನೆಗಳಲ್ಲಿ ಇಷ್ಟೇ ಸಾಕಾಗಬಹುದು.

ತಿಂಗಳ ಕೊನೆಗೆ ಮಗಳು ನೋಟ್‌ಬುಕ್ ತಂದಿಟ್ಟಳು. ಭಟ್ಟಿಗೆ ಹೋದದ್ದು ಒಂಬತ್ತು ಸಲ. ಕ್ಯಾಮೆರಾ ಒಯ್ದದ್ದು ನಾಲ್ಕು ಸಲ. ಉಳಿದ ಐದು ಸಲ ಕಾಲೇಜಿನಿಂದ ನೇರ ಹೋಗಿದ್ದಳು, ಪುಸ್ತಕಗಳ ಚೀಲದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಥದೇ ಒಂದು ಸಂಜೆ, ಅಷ್ಟು ದಿನ ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಿದ್ದ ಅಜ್ಜಿಯೊಬ್ಬರು ತಾವಾಗಿಯೇ “ಬಾರವ್ವಾ, ಈಗ ತಗಿ ನನ್ ಫೋಟೊ” ಎಂದಿದ್ದರು. ಮೊಬೈಲಿನಲ್ಲಿ ತೆಗೆದ ಆ ಚಿತ್ರ ಮಬ್ಬಾಗಿ ಬಂದಿತ್ತು.

ಅಪ್ಪ ಆ ಸಾಲನ್ನು ಎರಡು ಸಲ ಓದಿದರು. ಗೋದಾಮಿನಲ್ಲಿ ಕುಳಿತ ಸರಕು ಎಷ್ಟೇ ಒಳ್ಳೆಯದಾದರೂ ವ್ಯಾಪಾರವಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸರ ಮಾಡಿಕೊಂಡಾರು ಎಂದುಕೊಂಡಿದ್ದ ಮಾವನೇ ಮುಂದಿನ ಭಾನುವಾರ ಅವಳನ್ನು ಅಂಗಡಿಗೆ ಕರೆದೊಯ್ದರು. ಕಿಂಡಿಯಲ್ಲಿ ಕಣ್ಣಿಡಿಸಿದರು, ಕೈಗೆ ಹಿಡಿತ ಸಿಗುತ್ತದೆಯೇ ನೋಡಿಸಿದರು, ಪುಸ್ತಕದ ಚೀಲದೊಳಗೇ ಇಟ್ಟು ಜಿಪ್ ಎಳೆಸಿದರು. ಜಿಪ್ ಸಲೀಸಾಗಿ ಹಾಕಿಕೊಂಡದ್ದು ಚಿಕ್ಕ ಮಿರರ್‌ಲೆಸ್‌ಗೆ. ಝೂಮ್ ಲೆನ್ಸಿನ ಬದಲು ಒಂದು 50 ಮಿ.ಮೀ. ಲೆನ್ಸ್, ಇನ್ನೊಂದು ಬ್ಯಾಟರಿ ಸಾಕೆಂದು ಅವರೇ ಸೂಚಿಸಿದರು.

ಕೊಳ್ಳುವ ಮುನ್ನ ಪಾಲಕರು ಮಕ್ಕಳಿಗೆ ಕೇಳಬೇಕಾದದ್ದು ‘ಯಾವ ಕಂಪೆನಿ’ ಎಂದಲ್ಲ. ಏನನ್ನು ತೆಗೆಯುವೆ, ಯಾವ ಬೆಳಕಿನಲ್ಲಿ, ಹೇಗೆ ಹೋಗುವೆ, ಜೊತೆಗೆ ಏನೇನು ಹೊರುವೆ ಎಂದು. ಒಂದು ತಿಂಗಳು ಯಾರದಾದರೂ ಕ್ಯಾಮೆರಾ ಎರವಲು ಸಿಕ್ಕರೆ ಉತ್ತರ ತಾನಾಗಿ ಬರುತ್ತದೆ. ಮನೆಯಲ್ಲಿರುವ ಹಳೆಯದನ್ನೇ ಮಗು ಸಂತೋಷದಿಂದ ಹೊರುತ್ತಿದ್ದರೆ ಹಣ ಉಳಿಯಿತು. ಹೊರದಿದ್ದರೆ ಕಾರಣ ಸೋಮಾರಿತನವೋ ಭಾರವೋ ಎಂಬುದಾದರೂ ತಿಳಿಯಿತು.

ಮಂಡಕ್ಕಿ ಭಟ್ಟಿಯ ಅಜ್ಜಿ ಮತ್ತೊಮ್ಮೆ ಫೋಟೊಗೆ ಕೂರಲು ಎರಡು ವಾರ ಹಿಡಿಯಿತು. ಆ ದಿನ ಕ್ಯಾಮೆರಾ ಚೀಲದಲ್ಲಿತ್ತು.