ರೋಬಾಟ್ ಸೂಟ್‌ಕೇಸ್‌ಗೆ, ಬ್ಯಾಟರಿ ಕೈಗೆ

ನೀವೇ ಕಟ್ಟಿದ ರೋಬಾಟ್ ಜೊತೆ ಸ್ಪರ್ಧೆಗೆ ವಿಮಾನದಲ್ಲಿ ಹೊರಟಿದ್ದೀರಾ, ಮಕ್ಕಳೇ? ರೋಬಾಟನ್ನು ಸೂಟ್‌ಕೇಸ್‌ಗೆ ಹಾಕಬಹುದು. ಬಿಚ್ಚಿದ ಲಿಥಿಯಂ ಬ್ಯಾಟರಿ ಮಾತ್ರ ನಿಮ್ಮ ಜೊತೆಗಿರುವ ಬ್ಯಾಗಿನಲ್ಲೇ ಇರಬೇಕು.

ಯಾಕೆ ಗೊತ್ತೇ? ಬ್ಯಾಟರಿಯ ಎರಡೂ ತುದಿಗಳಿಗೆ ಒಂದೇ ಲೋಹದ ತುಂಡು ತಾಗಿದರೆ ಶಾರ್ಟ್ ಆಗಿ ಬಿಸಿಯೇರುತ್ತದೆ. ಒಂದು ಸೆಲ್‌ನ ಬಿಸಿ ಪಕ್ಕದ ಸೆಲ್‌ಗೆ ಹಬ್ಬಿ ಬೆಂಕಿ ಹೊತ್ತಿಕೊಳ್ಳಬಹುದು. ಪ್ರಯಾಣಿಕರ ನಡುವೆ ಹೊಗೆ ಕಂಡರೆ ಸಿಬ್ಬಂದಿ ತಕ್ಷಣ ಆರಿಸುತ್ತಾರೆ. ಕೆಳಗಿನ ಸರಕು ಕೋಣೆಯಲ್ಲಾದರೆ ಬೆಂಕಿ ಇರುವಲ್ಲಿಗೆ ಹೋಗುವವರು ಯಾರು?

ಈಗೊಂದು ಪುಟ್ಟ ಲೆಕ್ಕ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಬ್ಯಾಟರಿಯ ಮೇಲೆ 11.1 ವೋಲ್ಟ್, 2200 ಮಿಲಿ ಆಂಪಿಯರ್-ಅವರ್ ಎಂದಿದ್ದರೆ 11.1 × 2.2, ಅಂದರೆ ಸುಮಾರು 24.4. ಸಾಮಾನ್ಯವಾಗಿ 100ರವರೆಗೆ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕೂ ಮೀರಿದ್ದನ್ನು ಮನೆಯಲ್ಲೇ ಬಿಡಿ. ಸಂಸ್ಥೆಯ ನಿಯಮಗಳನ್ನು ಅಪ್ಪ ಅಮ್ಮನ ಜೊತೆ ಮೊದಲೇ ಓದಿ.

ತುದಿಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದು ಬ್ಯಾಟರಿಯನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಉಬ್ಬಿದ ಬ್ಯಾಟರಿ ಬೇಡವೇ ಬೇಡ. ಸ್ಕ್ರೂಡ್ರೈವರ್, ಇಕ್ಕಳ ಸೂಟ್‌ಕೇಸ್‌ಗೆ. ಜಾಗವಿಲ್ಲವೆಂದು ವಿಮಾನದ ಬಾಗಿಲಲ್ಲಿ ನಿಮ್ಮ ಬ್ಯಾಗನ್ನೂ ಕೆಳಗೆ ಹಾಕಲು ಕೇಳಿದರೆ, ಬ್ಯಾಟರಿ ತೆಗೆದುಕೊಂಡೇ ಕೊಡಿ.