ತಿಥಿ ಮುಗಿದ ಮೇಲೆ ಹೋಗಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸಾವಿನ ಮನೆಗೆ ಜನ ಬರುವುದಿಲ್ಲ ಎಂದು ಯಾರೂ ದೂರಲಾರರು. ಸುದ್ದಿ ಮುಟ್ಟಿದ ಗಳಿಗೆಯಿಂದ ಅಂಗಳ ತುಂಬುತ್ತದೆ. ಸೌದೆ ಹೊಂದಿಸುವವರು, ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರು, ದೂರದ ನೆಂಟರಿಗೆ ಫೋನ್ ಮಾಡುವವರು, ಯಾರೂ ಹೇಳದೆಯೇ ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಕೈ ಹಚ್ಚುತ್ತಾರೆ. ಹನ್ನೊಂದೋ ಹದಿಮೂರೋ ದಿನ ಆ ಮನೆ ಒಂಟಿಯಲ್ಲ. ಆಮೇಲೆ ಬಾಡಿಗೆ ಪಾತ್ರೆ ವಾಪಸ್ ಹೋಗುತ್ತವೆ, ಶಾಮಿಯಾನ ಬಿಚ್ಚುತ್ತಾರೆ, ಬೆಂಗಳೂರಿನ ಮಗ ರಾತ್ರಿ ಬಸ್ಸು ಹತ್ತುತ್ತಾನೆ. ಕಷ್ಟ ಶುರುವಾಗುವುದೇ ಆವಾಗ. ನಾನು ಕೇಳಿಕೊಳ್ಳುವುದು ಇಷ್ಟೇ: ಆ ಮೇಲಿನ ದಿನಗಳಲ್ಲಿ ಹೋಗಿ. ಮಾತಾಡಿಸಿ ಬನ್ನಿ. ಮತ್ತೆ ಹೋಗಿ.

ನಮ್ಮವು ಗೋಡೆಗೆ ಗೋಡೆ ಅಂಟಿಕೊಂಡ ಊರುಗಳಲ್ಲ. ಒಂದು ಮನೆ, ಅದರ ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಪಕ್ಕದ ಮನೆಯೆಂದರೆ ಹಳ್ಳ ದಾಟಿ ಇನ್ನೊಂದು ಗುಡ್ಡದ ತಿರುವಿನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೋ ಹೇಳಲಾಗದು, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಅಂಥ ಮನೆಯೊಂದರಲ್ಲಿ ಒಬ್ಬರು ಮೂರು ದಿನ ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಡೈರಿಗೆ ಆ ಮನೆಯ ಹಾಲು ಬರಲಿಲ್ಲವಲ್ಲ ಎಂದು ಯಾರಾದರೂ ಗಮನಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಂಗನ ಕಾಯಿಲೆ ಬಂದ ಮನೆಗಳನ್ನೇ ನೋಡಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಮಂಗಗಳು ಸತ್ತವು, ಅವುಗಳ ಹಿಂದೆಯೇ ಮನುಷ್ಯರು ಜ್ವರದಲ್ಲಿ ಬಿದ್ದರು. ಆ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು, ಕಾಯಿಲೆ ನಮ್ಮಲ್ಲೇ ಉಳಿಯಿತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಪಂಚಾಯಿತಿಯ ಹಳ್ಳಿಗಳಲ್ಲಿ ಸಾವಿನ ಮೇಲೆ ಸಾವು ಬಂತು. ಮಣಿಪಾಲದ ಕಡೆಗೆ ಆಂಬುಲೆನ್ಸ್‌ಗಳು ಓಡಿದವು. ಹೆದರಿ ಮನೆಗೆ ಬೀಗ ಹಾಕಿ ನೆಂಟರ ಊರು ಸೇರಿದವರಿದ್ದರು. ಇದಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧ ಇಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಿದರು.

ಕೊಟ್ಟಿಗೆಗೆ ದರಗು ಗುಡಿಸಿ ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುವ ಜ್ವರ ಇದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಈ ಮಾತನ್ನು ನಮ್ಮ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕು. "ಆ ಮನೆ ಕಡೆ ಈಗ ಹೋಗ್ಬೇಡಿ" ಎಂದು ಯಾರೋ ಒಬ್ಬರು ಪಿಸುಗುಟ್ಟಿದರೆ ಸಾಕು, ಇಡೀ ಮನೆ ಊರಿನಿಂದ ಕಡಿದುಹೋಗುತ್ತದೆ. ಜ್ವರ ಬಿಟ್ಟ ಮೇಲೂ ಕೆಲವರಿಗೆ ಒಂದೆರಡು ವಾರದಲ್ಲಿ ಅದು ಮರಳುತ್ತದೆ, ಕೈ ನಡುಗುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಏಳುವ ಶಕ್ತಿ ಬರಲು ತಿಂಗಳುಗಳೇ ಹಿಡಿಯಬಹುದು. ಕೂಲಿ ಮಾಡಿ ಮನೆ ನಡೆಸುತ್ತಿದ್ದ ಹೆಂಗಸು ಹಾಗೆ ಮಲಗಿದರೆ ಆ ಮನೆಯ ಒಲೆ ಹೇಗೆ ಉರಿಯಬೇಕು? ಆಸ್ಪತ್ರೆಯ ಖರ್ಚನ್ನು ಸರ್ಕಾರ ಕೊಡಬಹುದು. "ಇವತ್ತು ಹೆಂಗಿದ್ಯೇ ಮಾರಾಯ್ತಿ" ಎಂದು ಮಂಚದ ಹತ್ತಿರ ಕೂತು ಕೇಳುವ ಕೆಲಸ ಸರ್ಕಾರದಿಂದ ಆಗದು.

ಕಾಯಿಲೆ ಮನುಷ್ಯರಿಗೇ ಬರಬೇಕೆಂದಿಲ್ಲ, ಮರಕ್ಕೆ ಬಂದರೂ ಮನೆ ಮಲಗುತ್ತದೆ. ನಗರ ಹೋಬಳಿ, ಆಗುಂಬೆ ಹೋಬಳಿ, ಕರೂರು-ಬಾರಂಗಿ ಸೀಮೆಯ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹೆಡೆ ಒಣಗುತ್ತದೆ, ಫಸಲು ಇಳಿಯುತ್ತದೆ, ಔಷಧಿ ಹೊಡೆದ ಬೆನ್ನಿಗೇ ಮಳೆ ತೊಳೆದುಕೊಂಡು ಹೋಗುತ್ತದೆ. ಹೊಸ ಸಸಿ ನೆಟ್ಟು ಫಸಲು ಕಾಣಬೇಕೆಂದರೆ ಐದಾರು ವರ್ಷ ಕಾಯಬೇಕು, ಸೊಸೈಟಿ ಸಾಲಕ್ಕೆ ಮಾತ್ರ ಕಾಯುವ ವ್ಯವಧಾನ ಇಲ್ಲ. ಅಪ್ಪ ಮಾತು ಕಡಿಮೆ ಮಾಡುತ್ತಾನೆ. ಸೊಸೈಟಿಯ ಮೀಟಿಂಗಿಗೆ ಹೋಗುವುದನ್ನು ಬಿಡುತ್ತಾನೆ. ಮದುವೆ ಮನೆಗೆ ಹೆಂಡತಿಯನ್ನಷ್ಟೇ ಕಳಿಸುತ್ತಾನೆ. ಇವೆಲ್ಲ ನಮ್ಮ ಕಣ್ಣೆದುರಿಗೇ ನಡೆಯುತ್ತವೆ. "ಅವರಿಗೇನೋ ಸ್ವಲ್ಪ ಬಿಗುಮಾನ" ಎಂದು ನಾವು ಸುಮ್ಮನಾಗುತ್ತೇವೆ. ಬಿಗುಮಾನವಲ್ಲ ಅದು, ನಾಚಿಕೆ. ಸಾಲ ಮಾಡಿದ ಮನುಷ್ಯ ಜನರ ಮುಖ ನೋಡಲಾರದೆ ಅನುಭವಿಸುವ ಸಂಕಟ.

ಇನ್ನೊಂದು ಮಾತು, ಕೇಳಲು ಕಹಿಯಾದರೂ ಹೇಳಲೇಬೇಕು. ನಮ್ಮ ಕನಿಕರಕ್ಕೂ ಜಾತಿಯಿದೆ, ಅಂತಸ್ತಿದೆ. ತೋಟದ ಯಜಮಾನರು ಜಾರಿಬಿದ್ದು ಕಾಲು ಮುರಿದರೆ ಅಂಗಳದಲ್ಲಿ ಕಾರುಗಳು ನಿಲ್ಲುತ್ತವೆ. ಅಡಿಕೆ ಕೊನೆ ಕೊಯ್ಯಲು ಹತ್ತಿ ಅದೇ ತೋಟದ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಕೊನೆಗೌಡನನ್ನು ಎಷ್ಟು ಜನ ನೋಡಿ ಬಂದಿದ್ದೇವೆ? ವರ್ಷಗಟ್ಟಲೆ ಅವನು ಹಾಸಿಗೆಯಲ್ಲಿ. ಹೆಂಡತಿ ಬೆಳಿಗ್ಗೆ ಅವನ ಮೈ ಒರೆಸಿ, ಮಗ್ಗುಲು ತಿರುಗಿಸಿ, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿ, ಗಂಜಿ ಕುಡಿಸಿ ಕೂಲಿಗೆ ಹೋಗುತ್ತಾಳೆ. ಸಂಘದ ಸಾಲದ ಕಂತು ವಾರ ವಾರ ಬಾಗಿಲಿಗೆ ಬರುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ಅಂಥದ್ದೊಂದು ಕಾನೂನಿದೆ ಎಂದು ಅವಳಿಗೆ ಹೇಳುವವರು ಯಾರು? 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ನೆಲ ಇದು. ಆ ಹೋರಾಟಕ್ಕೆ ಹೆಗಲು ಕೊಟ್ಟ ಶಾಂತವೇರಿ ಗೋಪಾಲಗೌಡರ ನೆಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ ಗದ್ದೆ ಬಿಟ್ಟು ಲಾರಿ ಹತ್ತಿದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿರುವ ನೆಲವೂ ಹೌದು. ನ್ಯಾಯಕ್ಕಾಗಿ ಮೆರವಣಿಗೆ ಹೋಗುವ ಕಾಲುಗಳು ಕೊನೆಗೌಡನ ಕೇರಿಗೂ ನಡೆಯಬೇಕು.

ಹೋದಾಗ ಏನು ಮಾತಾಡುವುದು ಎಂಬ ಅಳುಕಿನಿಂದಲೇ ಎಷ್ಟೋ ಜನ ಹೋಗುವುದಿಲ್ಲ. ಏನು ಆಡಬಾರದು ಎಂಬುದಂತೂ ನನಗೆ ಖಚಿತವಾಗಿ ಗೊತ್ತು. "ಎರಡು ದಿನ ಮೊದ್ಲೇ ಮಣಿಪಾಲಕ್ಕೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ." ಗಂಡನನ್ನು ಕಳೆದುಕೊಂಡವಳ ಮುಂದೆ ಕಾಫಿ ಲೋಟ ಹಿಡಿದು ಈ ಮಾತು ಆಡುವವರಿದ್ದಾರೆ. ಆಡಿದವರು ಗೇಟು ದಾಟುವಷ್ಟರಲ್ಲಿ ಮರೆಯುತ್ತಾರೆ, ಅವಳು ಬದುಕಿರುವವರೆಗೂ ಅದನ್ನು ಹೊರುತ್ತಾಳೆ. "ಎಲ್ಲ ಹಣೆಬರಹ", "ಧೈರ್ಯ ತಗೊಳ್ಳಿ", "ಇನ್ನೂ ಕಷ್ಟ ಇರೋರನ್ನ ನೋಡಿ", ಇವೂ ಬೇಡ.

ಹೊಸನಗರದ ಹತ್ತಿರದ ಒಂದು ಮನೆಯಲ್ಲಿ ನಾನು ಕಂಡ ಹೆಂಗಸೊಬ್ಬರು ಏನೂ ಹೇಳಲಿಲ್ಲ. "ಊಟ ಆಯ್ತಾ ಅಕ್ಕ?" ಎಂದು ಕೇಳಿದರು. "ಆಯ್ತು" ಎಂದು ಮನೆಯಾಕೆ ಹೇಳಿದರು. ಇವರು ಸೀದಾ ಅಡುಗೆಮನೆಗೆ ಹೋದರು. ಹಿಂದಿನ ದಿನದ ಪಾತ್ರೆ ಹಾಗೇ ಇತ್ತು, ಒಲೆಯಲ್ಲಿ ಬೂದಿ ತಣ್ಣಗಿತ್ತು. ಪಾತ್ರೆ ತೊಳೆದರು, ಅಕ್ಕಿ ಇಟ್ಟರು, ಸೌತೆಕಾಯಿ ಹೆಚ್ಚಲು ಮೆಟ್ಟುಗತ್ತಿ ತಂದು ಜಗಲಿಯಲ್ಲೇ ಕೂತರು. ಹೆಚ್ಚುತ್ತ ಹೆಚ್ಚುತ್ತ, ತೀರಿಕೊಂಡವರ ಹೆಸರು ಹಿಡಿದು, ಅವರಿಗೆ ಮಜ್ಜಿಗೆಹುಳಿ ಅಂದ್ರೆ ಎಷ್ಟು ಇಷ್ಟ ಅಲ್ವಾ ಅಂದರು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಮನೆಯಾಕೆ ಅತ್ತರು, ಆಮೇಲೆ ಬಹಳ ಹೊತ್ತು ಮಾತಾಡಿದರು. ಬಂದವರು ನಡುವೆ ಬಾಯಿ ಹಾಕಲಿಲ್ಲ. ಆ ಮನೆಯಲ್ಲಿ ಸತ್ತವರ ಹೆಸರನ್ನು ಯಾರೂ ಎತ್ತದೆ ದಿನಗಳಾಗಿದ್ದವು.

ಕೆಲವೊಮ್ಮೆ ನೇರವಾಗಿಯೇ ಕೇಳಬೇಕಾಗುತ್ತದೆ: "ಸಾಯಬೇಕು ಅನ್ನಿಸುತ್ತದಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹೆದರಬೇಡಿ. ಹಾಗಾಗುವುದಿಲ್ಲ ಎನ್ನುತ್ತಾರೆ ಮನೋವೈದ್ಯರು. ಕೇಳುವವರು ಸಿಕ್ಕರಲ್ಲ ಎಂದು ಎದೆ ಹಗುರಾಗುವುದೇ ಹೆಚ್ಚು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿಯನ್ನು ಆ ಮನೆಯಿಂದ ಬೇರೆ ಕಡೆ ಸಾಗಿಸಿ ಬೀಗ ಹಾಕಿಡಿ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸೇವೆ ಅದು. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಪೊಲೀಸ್ ಕೇಸ್ ಆದೀತೆಂದು ಮುಚ್ಚಿಡುವ ಮನೆಗಳಿವೆ. ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಬಾಗಿಲಿಗೆ ಹೋಗುವುದರಿಂದ ಏನಾಗುತ್ತದೆ ಎಂದು ಅನುಮಾನಿಸುವವರು ತೀರ್ಥಹಳ್ಳಿಯನ್ನು ನೋಡಲಿ. 2005ರ ಸುಮಾರಿಗೆ ನಿಮ್ಹಾನ್ಸ್‌ನ ವೈದ್ಯರು ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗ ಇರುವವರನ್ನು ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಡುವ ಕೆಲಸ ಕೈಗೆತ್ತಿಕೊಂಡರು. ವರ್ಷಗಟ್ಟಲೆ ಔಷಧಿಯನ್ನೇ ಕಾಣದೆ ಮನೆಯಲ್ಲಿ ಕೂತಿದ್ದವರು ಆಗ ಸಿಕ್ಕರು. ಔಷಧಿ ನಿಲ್ಲಿಸದೆ ತೆಗೆದುಕೊಂಡವರು ಸ್ನಾನ, ಊಟ, ತೋಟದ ಕೆಲಸ, ನೆಂಟರೊಡನೆ ಮಾತು ಎಲ್ಲದರಲ್ಲೂ ಚೇತರಿಸಿಕೊಂಡರು. ಮದ್ದು ಆಸ್ಪತ್ರೆಯಿಂದ ಬಂತು, ನಿಜ. ಅದು ತಪ್ಪದಂತೆ ನೋಡಿಕೊಳ್ಳಲು ಯಾರಾದರೂ ಮನೆಯವರೆಗೆ ಹೋಗಲೇಬೇಕಿತ್ತು. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಒಂಟಿಯಾಗಿ ಬಸ್ಸು ಹತ್ತಲು ಹೆದರುವವರ ಜೊತೆ ಒಂದು ಮಂಗಳವಾರ ಹೋಗಿ ಬರಲು ನಮಗೆ ಆಗದೇ?

ಡೈರಿಯಲ್ಲಿ ಹಾಲು ಅಳೆಯುವವರೇ, ಆಶಾ ಅಕ್ಕಂದಿರೇ, ಪೋಸ್ಟ್‌ಮ್ಯಾನ್ ಅಣ್ಣಂದಿರೇ, ಯಾವ ಮನೆಯಲ್ಲಿ ದೀಪ ಸಣ್ಣದಾಗಿದೆ ಎಂದು ಮೊದಲು ತಿಳಿಯುವುದು ನಿಮಗೆ. ಊರಿನಲ್ಲಿ ಒಬ್ಬರ ಕಿವಿಗಾದರೂ ಹಾಕಿ. ಬೆಂಗಳೂರಿನಲ್ಲಿರುವ ಮಕ್ಕಳೇ, ಭಾನುವಾರದ ಫೋನಿನಲ್ಲಿ ಅಡಿಕೆ ರೇಟಿನ ಜೊತೆ ಅಪ್ಪನಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದೂ ಕೇಳಿ. ಅಡಿಕೆ ಸುಲಿಯಲು, ಗದ್ದೆ ನಾಟಿಗೆ ಮುಯ್ಯಾಳು ಹೋಗುವ ಜನ ನಾವು. ಕೈ ಕೊಟ್ಟಷ್ಟೇ ಸಲೀಸಾಗಿ ಕಿವಿಯನ್ನೂ ಕೊಡಬಲ್ಲೆವು.

ದೂರ ಎಂಬ ನೆಪವೂ ಕಡಿಮೆಯಾಗಿದೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಕೊನೆಯ ಲಾಂಚ್ ತಪ್ಪೀತೆಂಬ ಆತಂಕ ಹೋಯಿತು. ಸಿಗಂದೂರಿಗೆ ಕಾರು ಹೊರಡಿಸುವವರೇ, ತುಮರಿ, ಬ್ಯಾಕೋಡು ಕಡೆ ಪರಿಚಯದ ಕಷ್ಟದ ಮನೆಯೊಂದಿದ್ದರೆ ದೇವಿಯ ದರ್ಶನ ಮುಗಿಸಿ ಅಲ್ಲಿಗೂ ಹೋಗಿ. ಊಟಕ್ಕೆ ಏಳಿ ಎಂದರೆ ಏಳಿ, ರಾತ್ರಿ ಉಳಿಯಿರಿ ಎಂದರೆ ಉಳಿಯಿರಿ. ಹೊರಡುವಾಗ "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಅವರು ಹೇಳುವುದಿಲ್ಲ. ಮತ್ತೆ ಬರುವ ದಿನ ಯಾವುದು ಎಂದು ಹೇಳಿ ಹೊರಡಿ, ಆ ದಿನ ತಪ್ಪದೆ ಹೋಗಿ.