ಏಟು ತಿನ್ನೋರು ಯಾರು ಸ್ವಾಮಿ?

ಅಜೈಲ್ ಟ್ರೈನಿಂಗ್‌ಗೆ ಹೋದವರಿಗೆಲ್ಲ ಆ ಸ್ಲೈಡ್ ಗೊತ್ತು. ಶು, ಹ, ರಿ. ಮೊದಲು ನಿಯಮ ಪಾಲಿಸು, ಆಮೇಲೆ ಮುರಿ, ಕೊನೆಗೆ ಬಿಟ್ಟು ನಡಿ. ಪಕ್ಕದಲ್ಲಿ ಕತ್ತಿ ಹಿಡಿದ ಸಮುರಾಯ್ ಚಿತ್ರ. ಅಲ್ಲಿಂದಾಚೆಗೆ ಹೊಸ ಹುಡುಗ್ರಿಗೆ ಸಿಗೋ ಉಪದೇಶ ಒಂದೇ: 'ನೀನಿನ್ನೂ ಶು ಹಂತದಲ್ಲಿದ್ದೀಯ, ಪ್ರಶ್ನೆ ಕೇಳಬೇಡ, ಹೇಳಿದ್ದು ಮಾಡು.'

ಜಪಾನಿನ ಸಮರಕಲೆಗಳಲ್ಲಿ, ಕೆಂಡೊದಲ್ಲೂ, ಬಳಕೆಯಲ್ಲಿರೋ ಮಾತಿದು. ಕದ್ದು ತಂದಿದ್ದಕ್ಕೆ ನನ್ನ ತಕರಾರಿಲ್ಲ. ಅರ್ಧ ಮಾತ್ರ ಕದ್ದಿದ್ದೀರಲ್ಲ, ಅದಕ್ಕಿದೆ.

ಕೆಂಡೊ ಅಂದ್ರೆ ಬಿದಿರಿನ ನಾಲ್ಕು ಸೀಳುಗಳನ್ನು ಸೇರಿಸಿ ಕಟ್ಟಿದ ಶಿನಾಯಿ ಹಿಡಿದು ಆಡೋ ಕತ್ತಿವರಸೆ. ಸೇರಿದ ದಿನವೇ ಯಾರೂ ಮುಖಕವಚ ಕೊಡಲ್ಲ. ಮೊದಲು ಕಾಲು. ಬಲಗಾಲು ಮುಂದೆ, ಎಡ ಹಿಮ್ಮಡಿ ಸ್ವಲ್ಪ ಮೇಲೆ, ಹೆಜ್ಜೆ ಎತ್ತಿಡದೆ ನೆಲ ಸವರಿಕೊಂಡೇ ಜಾರಬೇಕು. ಆಮೇಲೆ ಸುಬುರಿ, ಅಂದ್ರೆ ಗಾಳಿಯಲ್ಲಿ ಬೀಸೋದು. ಶಕ್ತಿ ಎಡಗೈಯದು, ಬಲಗೈ ದಾರಿ ತೋರಿಸಿದ್ರೆ ಸಾಕು. ಬಲಗೈಯಲ್ಲೇ ಎಲ್ಲ ಮಾಡಿ ರೂಢಿಯಾದವರಿಗೆ ಇಷ್ಟು ಕೂರೋಕೇ ತಿಂಗಳುಗಟ್ಟಲೆ ಬೇಕು.

ಹೊಡೆಯೋ ಜಾಗ ನಾಲ್ಕೇ: ತಲೆ, ಮುಂಗೈ, ಪಕ್ಕೆ, ಗಂಟಲು. ಆದರೆ ತಾಗಿದ ಮಾತ್ರಕ್ಕೆ ಅಂಕವಿಲ್ಲ. ಕೂಗು, ಕತ್ತಿ, ಹೆಜ್ಜೆ ಮೂರೂ ಒಂದೇ ಕ್ಷಣಕ್ಕೆ ಕೂಡಬೇಕು, ಹೊಡೆದ ಮೇಲೂ ಎಚ್ಚರ ತಪ್ಪಬಾರದು. ಗೆದ್ದೆ ಅಂತ ಮುಷ್ಟಿ ಎತ್ತಿ ಕುಣಿದ್ರೆ ಕೊಟ್ಟ ಅಂಕವನ್ನೂ ವಾಪಸ್ ತಗೋಬಹುದು. (ರಿಲೀಸ್ ಆದ ರಾತ್ರಿಯೇ ಕೇಕ್ ಕತ್ತರಿಸೋರು ಗಮನಿಸಿ.)

ಈಗ ಸ್ಲೈಡಿನಲ್ಲಿ ಇಲ್ಲದ ಅರ್ಧಕ್ಕೆ ಬರ್ತೀನಿ. ಜೋಡಿ ಅಭ್ಯಾಸದಲ್ಲಿ ಏಟು ತಗೊಳ್ಳೋಕೆ ನಿಲ್ಲುವವರನ್ನ ಮೊತೊದಾಚಿ ಅಂತಾರೆ. ಸಾಮಾನ್ಯವಾಗಿ ಅದು ಹಿರಿಯರ ಜಾಗ. ಕಿರಿಕಾಯೆಶಿ ಅನ್ನೋ ಅಭ್ಯಾಸವನ್ನೇ ನೋಡಿ. ಕಿರಿಯ ನೆತ್ತಿಗೊಂದು ನೇರ ಏಟು ಹಾಕಿ, ಆಮೇಲೆ ತಲೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ, ನಾಲ್ಕು ಮುಂದೆ ಹೋಗ್ತಾ, ಐದು ಹಿಂದೆ ಸರೀತಾ ಹೊಡೀತಾನೆ. ಹಿರಿಯ ಅವನ್ನೆಲ್ಲ ಶಿನಾಯಿಯಲ್ಲಿ ತಡೀತಾ, ಅವನ ಹೆಜ್ಜೆಗೆ ತಕ್ಕ ಅಂತರ ಹೊಂದಿಸ್ತಾ, ಸರಿಯಾದ ಹೊತ್ತಿಗೆ ತನ್ನ ತಲೆಯನ್ನೇ ತೆರೆದು ಕೊಡಬೇಕು. ಅಂತರ ತಪ್ಪಿದ್ರೆ ಕಿರಿಯನ ಹೊಡೆತ ಕೆಡುತ್ತೆ, ಆ ಹೊಣೆ ಮೊತೊದಾಚಿಯದು. ನಮ್ಮ ಗರಡಿ ಮನೆಗಳ ವಸ್ತಾದರೂ ಹುಡುಗರ ಜೊತೆ ಮಟ್ಟಿಗಿಳಿದು ಮೈಯೆಲ್ಲ ಮಣ್ಣು ಮಾಡ್ಕೊಂಡವರೇ. ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತವರಲ್ಲ.

ಸ್ಲೈಡ್ ತೋರಿಸೋ ಸಾಹೇಬ್ರೇ, ನಿಮ್ಮ ಟೀಮಿನ ಫ್ರೆಶರ್ ಬರೆದ ಕೋಡನ್ನು ಸಾಲು ಸಾಲಾಗಿ ಓದಿದ್ದು ಯಾವಾಗ? ಪಕ್ಕದಲ್ಲಿ ಕೂತು ಒಂದಾದರೂ ಬಗ್ ಹುಡುಕಿದ್ದು? ಅಪ್ರೂವ್ ಒತ್ತಿ ಮೀಟಿಂಗಿಗೆ ಓಡೋದಲ್ಲ. ಪ್ರೊಡಕ್ಷನ್ ಬಿದ್ದ ದಿನ ಮೇಲ್‌ನಲ್ಲಿ ಅವನ ಹೆಸರು, ಅಪ್ರೈಸಲ್‌ನಲ್ಲೂ ಅವನದೇ ರೇಟಿಂಗ್ ಕಟ್. ಏಟು ಹಾಕೋಕೆ ಕಲಿಸದೆ ಏಟು ತಿನ್ನೋಕೆ ಮಾತ್ರ ಅವನನ್ನ ನಿಲ್ಲಿಸೋದಕ್ಕೆ ಶು ಅಂತ ಹೆಸರಿಟ್ಟಿದ್ದೀರಿ.

'ಟೈಮ್ ಎಲ್ಲಿದೆ ಗುರು, ಡೆಡ್‌ಲೈನ್ ಇದೆ' ಅಂತೀರಿ. ಕೆಂಡೊದಲ್ಲಿ ಮೊದಲ ದಾನ್ ದರ್ಜೆಯಿಂದ ಎಂಟನೆಯದಕ್ಕೆ ಹೋಗೋಕೆ ನಡುವೆ ಕಾಯಬೇಕಾದ ವರ್ಷಗಳನ್ನೇ ಕೂಡಿದ್ರೆ ಕನಿಷ್ಠ 31. ವಯಸ್ಸು 46 ಆಗದೆ ಎಂಟನೇ ದಾನ್ ಪರೀಕ್ಷೆಗೆ ಕೂರಿಸಲ್ಲ, ಕೂತವರಲ್ಲಿ ಪಾಸಾಗೋದು ನೂರಕ್ಕೆ ಒಬ್ಬರ ಆಸುಪಾಸು. ಅಂಥವರೂ ಕಿರಿಯರೆದುರು ಮೊತೊದಾಚಿಯಾಗಿ ನಿಲ್ತಾರೆ. ನಿಮಗೆ ಎಂಟು ವರ್ಷದ ಎಕ್ಸ್‌ಪೀರಿಯನ್ಸಿಗೇ ಜೂನಿಯರ್ ಪಕ್ಕ ಕೂರೋದು ಕೀಳಾಗಿಬಿಡ್ತಾ? ಸೋಮವಾರದಿಂದ ದಿನಕ್ಕೆ ಅರ್ಧ ಗಂಟೆ ಕ್ಯಾಲೆಂಡರಿನಲ್ಲಿ ಅವನ ಹೆಸರಿಗೆ ಬ್ಲಾಕ್ ಮಾಡಿ. ಮಿಕ್ಕ ಜಪಾನಿ ಪದಗಳನ್ನ ಆಮೇಲೆ ಮಾತಾಡೋಣ.